ತಾರಸಿ ಮೇಲೆ ಕೂತು ಗುರುಗ್ರಹವನ್ನು ತೂಗುವುದು ಹೇಗೆ?

ಗುರುಗ್ರಹ ಭೂಮಿಗಿಂತ 318 ಪಟ್ಟು ಭಾರ ಅಂತ ಶಾಲೆಯಲ್ಲಿ ಓದಿರುತ್ತೇವೆ. ಅದನ್ನು ತೂಗಿದ್ದು ಹೇಗೆ ಅಂತ ಪುಸ್ತಕವೂ ಹೇಳುವುದಿಲ್ಲ, ನಾವೂ ಕೇಳುವುದಿಲ್ಲ. ಉತ್ತರ ಅಷ್ಟೇನೂ ಕಷ್ಟದ್ದಲ್ಲ. ಗುರುವಿನ ಸುತ್ತ ಓಡುವ ಒಂದು ಚಂದ್ರನನ್ನು ಹಿಡಿಯಿರಿ. ಅದು ಗುರುವಿನಿಂದ ಎಷ್ಟು ದೂರದಲ್ಲಿದೆ? ಒಂದು ಸುತ್ತಿಗೆ ಎಷ್ಟು ದಿನ ಬೇಕು? ಈ ಎರಡು ಸಂಖ್ಯೆ ಸಿಕ್ಕರೆ ಗುರುವಿನ ತೂಕ ಸಿಕ್ಕ ಹಾಗೆ.

ಎರಡನ್ನೂ ಮನೆಯ ತಾರಸಿ ಮೇಲಿಂದಲೇ ಅಳೆಯಬಹುದು. ಒಂದು ಬೈನಾಕ್ಯುಲರ್, ಜೂಮ್ ಲೆನ್ಸ್ ಇರುವ ಕ್ಯಾಮೆರಾ (ಸ್ವಂತದ್ದಿಲ್ಲದಿದ್ದರೆ ನೆಂಟರದ್ದು), ಒಂದು ನೋಟ್‌ಬುಕ್, ಗ್ರಾಫ್ ಶೀಟು, ಎರಡು ತಿಂಗಳ ತಾಳ್ಮೆ. ಗಣಿತ ಅಂದರೆ ಗುಣಾಕಾರ, ಭಾಗಾಕಾರ ಅಷ್ಟೇ. ಇದಕ್ಕೆ ಊರಾಚೆ ಕತ್ತಲು ಹುಡುಕಿಕೊಂಡು ಹೋಗಬೇಕಾಗಿಲ್ಲ. ಬೆಂಗಳೂರಿನ ಬೀದಿದೀಪಗಳ ನಡುವೆಯೂ ಗುರು ಢಾಳಾಗಿ ಕಾಣುತ್ತದೆ.

ಯಾವಾಗ ಶುರು ಮಾಡಬೇಕು?

ಸುಮಾರು 13 ತಿಂಗಳಿಗೊಮ್ಮೆ ಭೂಮಿಯು ಸೂರ್ಯನಿಗೂ ಗುರುವಿಗೂ ನಡುವೆ ಬರುತ್ತದೆ. ಆಗ ಗುರು ನಮಗೆ ಅತಿ ಹತ್ತಿರ. ಸಂಜೆ ಸೂರ್ಯ ಮುಳುಗುವ ಹೊತ್ತಿಗೆ ಪೂರ್ವದಲ್ಲಿ ಹುಟ್ಟಿ, ಬೆಳಗಿನವರೆಗೂ ಆಕಾಶದಲ್ಲಿರುತ್ತದೆ. 2026ರಲ್ಲಿ ಇದು ಜನವರಿ 10ಕ್ಕೆ. ಮುಂದಿನದು 2027ರ ಫೆಬ್ರವರಿ 10–11, ಅದರ ಮುಂದಿನದು 2028ರ ಮಾರ್ಚ್ 12. ಮೂರೂ ನಮ್ಮಲ್ಲಿ ಮಳೆಯಿಲ್ಲದ ತಿಂಗಳುಗಳು. ಇದು ನಮ್ಮ ಅದೃಷ್ಟ. ಇದೇ ಘಟನೆ ಜುಲೈನಲ್ಲಿ ಬಂದಿದ್ದರೆ ಮಲೆನಾಡಿನವರು ಗುರುವಿನ ಆಸೆಯನ್ನೇ ಬಿಡಬೇಕಿತ್ತು.

ದಿನಾಂಕ ನೆನಪಿಲ್ಲದಿದ್ದರೆ ಗೋಡೆಯ ಮೇಲಿನ ಪಂಚಾಂಗ ನೋಡಿ. ಅದರಲ್ಲಿ ಗುರು ವಕ್ರಿ ಅಂತ ಇರುವ ಸುಮಾರು ನಾಲ್ಕು ತಿಂಗಳೇ ಗುರುವನ್ನು ನೋಡಲು ಒಳ್ಳೆಯ ಕಾಲ. ಜ್ಯೋತಿಷ್ಯದವರು ಅದಕ್ಕೆ ಏನೇ ಫಲ ಹೇಳಲಿ, ಕಾರಣ ಬಹಳ ಸಾದಾ. ಭೂಮಿ ಸೂರ್ಯನಿಗೆ ಹತ್ತಿರವಿರುವುದರಿಂದ ಗುರುವಿಗಿಂತ ಜೋರಾಗಿ ಓಡುತ್ತದೆ. ಗುರುವನ್ನು ದಾಟಿ ಮುಂದೆ ಹೋಗುವ ಆ ಕೆಲವು ತಿಂಗಳು ಗುರು ನಕ್ಷತ್ರಗಳ ನಡುವೆ ಹಿಂದಕ್ಕೆ ಸರಿದಂತೆ ಕಾಣುತ್ತದೆ. ದಾಟುವುದು ಅಂದರೆ ಹತ್ತಿರ ಬರುವುದು ಅಂತಲೇ ಅಲ್ವಾ? ಹಾಗಾಗಿ ವಕ್ರಿಯ ನಟ್ಟನಡುವೆ ಗುರು ಅತಿ ದೊಡ್ಡದಾಗಿ, ಅತಿ ಪ್ರಕಾಶವಾಗಿ ಕಾಣುತ್ತದೆ. 2027ರ ಲೆಕ್ಕದಲ್ಲಿ ಇದು ಡಿಸೆಂಬರ್ ಮಧ್ಯದಿಂದ ಏಪ್ರಿಲ್ ಮಧ್ಯದವರೆಗೆ.

ಈ ಕೆಲಸಕ್ಕೆ ಜನವರಿಯಿಂದ ಮಾರ್ಚ್‌ವರೆಗಿನ ಅವಧಿ ಇಟ್ಟುಕೊಳ್ಳಿ.

ಗುರುವನ್ನು ಗುರುತಿಸುವುದು

ರಾತ್ರಿ ಒಂಬತ್ತಕ್ಕೆ ತಾರಸಿಗೆ ಹೋಗಿ. ಎಲ್ಲಕ್ಕಿಂತ ಪ್ರಕಾಶವಾಗಿ, ಮಿನುಗದೆ ನಿಂತಿರುವ ಕೆನೆಬಣ್ಣದ ಚುಕ್ಕಿಯೇ ಗುರು. ಶುಕ್ರ ಇದಕ್ಕಿಂತ ಪ್ರಕಾಶ, ಆದರೆ ಅದು ಸೂರ್ಯನನ್ನು ಬಿಟ್ಟು ದೂರ ಹೋಗುವುದಿಲ್ಲ. ನಡುರಾತ್ರಿ ನೆತ್ತಿಯ ಮೇಲೆ ಶುಕ್ರ ಯಾವತ್ತೂ ಇರುವುದಿಲ್ಲ. ಗೊಂದಲ ಆಗುವುದು ಹೆಚ್ಚಾಗಿ ಲುಬ್ಧಕ ನಕ್ಷತ್ರದ ಜೊತೆ. ಅದು ನೀಲಿ-ಬಿಳಿ, ಕೆಳಗಿದ್ದಾಗ ಚೆನ್ನಾಗಿ ಮಿನುಗುತ್ತದೆ.

2026ರ ಆರಂಭದಲ್ಲಿ ಗುರು ಮಿಥುನದ ಜೋಡಿ ನಕ್ಷತ್ರಗಳ ಪಕ್ಕದಲ್ಲಿರುತ್ತದೆ. ನಮ್ಮವರು ಪುನರ್ವಸು ಅನ್ನುವುದು ಇವಕ್ಕೇ. 2027ರ ಫೆಬ್ರವರಿಯಲ್ಲಿ ಸಿಂಹದ ಮಘಾ ನಕ್ಷತ್ರದಿಂದ ಹೆಚ್ಚುಕಡಿಮೆ ಒಂದು ಮುಷ್ಟಿ ಪಶ್ಚಿಮಕ್ಕಿರುತ್ತದೆ. ಕೈಯನ್ನು ನೇರ ಚಾಚಿ ಮುಷ್ಟಿ ಹಿಡಿದರೆ ಆಕಾಶದಲ್ಲಿ ಅದು ಸುಮಾರು 10 ಡಿಗ್ರಿ. ಆಗ ಪಂಚಾಂಗದಲ್ಲಿ ಗುರು ಕರ್ಕಾಟಕದಲ್ಲಿ ಅಂತ ಇರುತ್ತದೆ. ಗಾಬರಿ ಬೇಡ. ಪಂಚಾಂಗದ ರಾಶಿಗಳು ಸಮನಾಗಿ 30 ಡಿಗ್ರಿಯ ಹನ್ನೆರಡು ಭಾಗಗಳು. ಕಣ್ಣಿಗೆ ಕಾಣುವ ನಕ್ಷತ್ರಪುಂಜಗಳು ಒಂದು ಚಿಕ್ಕದು, ಒಂದು ದೊಡ್ಡದು. ಗಡಿಯಲ್ಲಿ ಇಂಥ ವ್ಯತ್ಯಾಸ ಇದ್ದೇ ಇರುತ್ತದೆ.

ಇನ್ನೊಂದು ವಿಷಯ. ಆ ಫೆಬ್ರವರಿಯಲ್ಲಿ ಗುರು ನಮ್ಮ ರಾಜ್ಯದ ನೆತ್ತಿಯ ಮೇಲೇ ಹಾದುಹೋಗುತ್ತದೆ. ಹುಬ್ಬಳ್ಳಿ, ಗದಗದ ಕಡೆಯವರಿಗೆ ರಾತ್ರಿ ಹನ್ನೆರಡೂಮುಕ್ಕಾಲರ ಸುಮಾರಿಗೆ ಸರಿಯಾಗಿ ತಲೆಯ ಮೇಲೆ. ಅಷ್ಟು ಮೇಲಿದ್ದಾಗ ಗಾಳಿಯ ಪದರ ತೆಳುವಾಗಿರುತ್ತದೆ, ನೋಟ ನಿಚ್ಚಳ. ಯುರೋಪಿನ ಹವ್ಯಾಸಿಗಳಿಗೆ ಈ ಭಾಗ್ಯ ಇಲ್ಲ. ನಮಗಿರುವ ತೊಂದರೆ ಕತ್ತಿನದ್ದು ಮಾತ್ರ. ಚಾಪೆ ಹಾಸಿ ಮಲಗಿ ನೋಡಿ.

ಬೈನಾಕ್ಯುಲರ್ ಹಿಡಿಯುವ ರೀತಿ

10×50 ಅಂತ ಬರೆದಿರುವ ಸಾಧಾರಣ ಬೈನಾಕ್ಯುಲರ್ ಸಾಕು. 10 ಅಂದರೆ ಎಷ್ಟು ಪಟ್ಟು ಹಿಗ್ಗಿಸುತ್ತದೆ ಅಂತ. 50 ಅಂದರೆ ಮುಂದಿನ ಗಾಜಿನ ಅಗಲ, ಮಿಲಿಮೀಟರ್‌ನಲ್ಲಿ. ಪಕ್ಷಿ ನೋಡುವವರ 8×42 ಇದ್ದರೂ ನಡೆಯುತ್ತದೆ. ಡಬ್ಬಿ ಮೇಲೆ ದೊಡ್ಡ ದೊಡ್ಡ ಸಂಖ್ಯೆ ಬರೆದ ಆಟಿಕೆ ಟೆಲಿಸ್ಕೋಪ್‌ಗಳನ್ನು ಮಾತ್ರ ಕೊಳ್ಳಬೇಡಿ. ಅವುಗಳ ಸ್ಟ್ಯಾಂಡು ಉಸಿರಾಡಿದರೂ ಅಲ್ಲಾಡುತ್ತದೆ. ಹುಡುಗರ ಖಗೋಳದ ಆಸಕ್ತಿ ಅಲ್ಲಿಗೇ ಮುಗಿದುಹೋಗುತ್ತದೆ.

ಮೊದಲು ಫೋಕಸ್. ಬಲಗಡೆಯ ಗಾಜು ಮುಚ್ಚಿ, ಎಡಗಣ್ಣಲ್ಲಿ ಒಂದು ನಕ್ಷತ್ರ ನೋಡುತ್ತಾ ನಡುವಿನ ಚಕ್ರ ತಿರುಗಿಸಿ. ನಕ್ಷತ್ರ ಸೂಜಿಮೊನೆಯಷ್ಟು ಆಗಬೇಕು. ಆಮೇಲೆ ಎಡ ಮುಚ್ಚಿ, ಬಲಗಣ್ಣಿನ ಹತ್ತಿರದ ಉಂಗುರವನ್ನಷ್ಟೇ ತಿರುಗಿಸಿ. ಚಕ್ರ ಮುಟ್ಟಬೇಡಿ. ಎರಡು ಕಣ್ಣಿನ ಪವರ್ ಬೇರೆ ಬೇರೆ ಇರುವವರಿಗೆ ಈ ಉಂಗುರವೇ ಮುಖ್ಯ. ಎಷ್ಟೋ ಜನ ಅದನ್ನು ಮುಟ್ಟೇ ಇರುವುದಿಲ್ಲ.

ಈಗ ಗುರುವಿನತ್ತ ತಿರುಗಿಸಿ. ಕೈ ನಡುಗಿದರೆ ಚಂದ್ರಗಳು ಕಾಣುವುದಿಲ್ಲ. ತಾರಸಿಯ ಗೋಡೆಗೆ ಮೊಣಕೈ ಊರಿ, ಇಲ್ಲವೇ ಪ್ಲಾಸ್ಟಿಕ್ ಕುರ್ಚಿಯಲ್ಲಿ ಹಿಂದಕ್ಕೆ ಒರಗಿ ಅದರ ಕೈಗಳ ಮೇಲೆ ಮೊಣಕೈ ಇಡಿ. ಉದ್ದ ಹಿಡಿಯ ಪೊರಕೆಯೊಂದನ್ನು ನೆಲಕ್ಕೆ ಊರಿ ಅದರ ತುದಿಯ ಮೇಲೆ ಬೈನಾಕ್ಯುಲರ್ ಇಟ್ಟರೂ ನಡುಕ ಅರ್ಧ ಇಳಿಯುತ್ತದೆ. ಟ್ರೈಪಾಡ್ ಇದ್ದರೆ ಕೇಳುವುದೇ ಬೇಡ.

ಸಂಜೆ ಏಳಕ್ಕೇ ಹೋಗಬೇಡಿ. ದಿನವಿಡೀ ಕಾದ ಕಾಂಕ್ರೀಟಿನಿಂದ ಬಿಸಿಗಾಳಿ ಏಳುತ್ತಿರುತ್ತದೆ, ಗುರು ಕುದಿಯುವ ಹಾಗೆ ಕಾಣುತ್ತದೆ. ಒಂಬತ್ತು ಗಂಟೆಯ ಮೇಲೆ ವಾಸಿ.

ಕಣ್ಣು ಒಗ್ಗಿದ ಮೇಲೆ ಗುರುವಿನ ಎರಡೂ ಪಕ್ಕ ಒಂದೇ ಗೆರೆಯಲ್ಲಿ ಸಣ್ಣ ಚುಕ್ಕಿಗಳು ಕಾಣುತ್ತವೆ. ಒಮ್ಮೆ ನಾಲ್ಕು, ಒಮ್ಮೆ ಮೂರು, ಅಪರೂಪಕ್ಕೆ ಎರಡು. ಇವೇ ಅಯೋ, ಯುರೋಪಾ, ಗ್ಯಾನಿಮೀಡ್, ಕ್ಯಾಲಿಸ್ಟೊ. ಇವುಗಳ ಪ್ರಕಾಶ ಬರಿಗಣ್ಣಿಗೇ ಸಾಲುವಷ್ಟಿದೆ. ಗುರುವಿನ ಬೆಳಕಿನಲ್ಲಿ ಮುಚ್ಚಿಹೋಗುತ್ತವೆ ಅಷ್ಟೇ. ಬೈನಾಕ್ಯುಲರ್ ಮಾಡುವ ದೊಡ್ಡ ಉಪಕಾರ ಎಂದರೆ ಗುರುವಿನಿಂದ ಅವನ್ನು ಬಿಡಿಸಿ ತೋರಿಸುವುದು.

ದಿನಾ ಒಂದು ಚಿತ್ರ

ಈ ಹಂತವನ್ನು ಹಾರಿಸಬೇಡಿ. ಕ್ಯಾಮೆರಾ ಇದ್ದರೂ ಕೈಯಲ್ಲಿ ಬರೆಯಿರಿ. ನೋಟ್‌ಬುಕ್ಕಿನ ಒಂದು ಸಾಲಿನ ನಡುವೆ ಸಣ್ಣ ಸೊನ್ನೆ, ಅದು ಗುರು. ಎಡಕ್ಕೆ ಬಲಕ್ಕೆ ಕಂಡಷ್ಟು ದೂರದಲ್ಲಿ ಚುಕ್ಕಿಗಳು. ಪಕ್ಕದಲ್ಲಿ ದಿನಾಂಕ, ಗಂಟೆ. ಯಾವ ಚುಕ್ಕಿ ಹೆಚ್ಚು ಪ್ರಕಾಶ ಅಂತ ಒಂದು ಗುರುತು. ಒಂದೇ ಪುಟದಲ್ಲಿ ಒಂದರ ಕೆಳಗೊಂದು ಬರೆಯುತ್ತಾ ಹೋಗಿ. ಹತ್ತು ಹನ್ನೆರಡು ಸಾಲಾಗುವಷ್ಟರಲ್ಲಿ ಪುಟವೇ ಕಥೆ ಹೇಳಲು ಶುರು ಮಾಡುತ್ತದೆ.

ದಿಕ್ಕಿನ ವಿಷಯದಲ್ಲಿ ಎಚ್ಚರ. ಹೊರದೇಶದ ಪುಸ್ತಕಗಳಲ್ಲಿ ಚಂದ್ರಗಳ ಸಾಲನ್ನು ಅಡ್ಡಡ್ಡ ಬರೆದಿರುತ್ತಾರೆ. ನಮ್ಮಲ್ಲಿ ಗುರು ಪೂರ್ವದಲ್ಲಿ ಏರುವಾಗ ಈ ಸಾಲು ಹೆಚ್ಚುಕಡಿಮೆ ನೆಟ್ಟಗೆ, ಮೇಲೆ ಕೆಳಗೆ ನಿಂತಿರುತ್ತದೆ. ಆಗ ಕೆಳಗಿರುವುದು ಪೂರ್ವದ ಬದಿ, ಮೇಲಿರುವುದು ಪಶ್ಚಿಮದ ಬದಿ. ನೋಟ್‌ಬುಕ್ಕಿನಲ್ಲಿ ಯಾವಾಗಲೂ ಪೂರ್ವವನ್ನು ಎಡಕ್ಕೇ ಇಡಿ. ಇಲ್ಲದಿದ್ದರೆ ವಾರದ ನಂತರ ನಿಮ್ಮ ಚಿತ್ರ ನಿಮಗೇ ಅರ್ಥವಾಗುವುದಿಲ್ಲ.

ಗೆಲಿಲಿಯೋ ಮಾಡಿದ್ದೂ ಇದನ್ನೇ. 1610ರ ಜನವರಿ 7ರಂದು ಇಟಲಿಯ ಪಾದುವಾದಲ್ಲಿ, ಸುಮಾರು 20 ಪಟ್ಟು ಹಿಗ್ಗಿಸುವ ದೂರದರ್ಶಕದಲ್ಲಿ ಮೂರು ಚುಕ್ಕಿ ಕಂಡ. ಎರಡು ಪೂರ್ವಕ್ಕೆ, ಒಂದು ಪಶ್ಚಿಮಕ್ಕೆ. ಯಾವುದೋ ನಕ್ಷತ್ರ ಅಂದುಕೊಂಡ. ಮರುದಿನ ನೋಡಿದರೆ ಮೂರೂ ಪಶ್ಚಿಮದಲ್ಲಿ. 9ನೇ ತಾರೀಖು ಮೋಡ. 10ಕ್ಕೆ ಎರಡೇ ಚುಕ್ಕಿ, ಎರಡೂ ಪೂರ್ವದಲ್ಲಿ. ನಾಲ್ಕೂ ಒಟ್ಟಿಗೆ ಕಂಡದ್ದು 13ಕ್ಕೆ. ನಕ್ಷತ್ರಗಳು ಹೀಗೆ ಆಚೀಚೆ ಓಡಾಡುವುದಿಲ್ಲ. ಗುರುವಿನ ಸುತ್ತಲೇ ಏನೋ ತಿರುಗುತ್ತಿದೆ ಅಂತ ಅವನಿಗೆ ಹೊಳೆದದ್ದು ಇಂಥದೇ ಸಾಲುಸಾಲು ಚಿತ್ರಗಳಿಂದ. ಒಂದು ರಾತ್ರಿಯ ಚಿತ್ರ ಎಷ್ಟೇ ಚೆನ್ನಾಗಿರಲಿ, ಅದರಿಂದ ಏನೂ ಗೊತ್ತಾಗುವುದಿಲ್ಲ. ಮೋಡ ಬಂದ ದಿನವನ್ನೂ ನೋಟ್‌ಬುಕ್ಕಿನಲ್ಲಿ ಖಾಲಿ ಸಾಲಾಗಿ ಬಿಡಿ.

ಯಾವುದು ಯಾರು?

ಈ ಚಂದ್ರಗಳ ದಾರಿಯನ್ನು ನಾವು ಅಂಚಿನಿಂದ ನೋಡುತ್ತೇವೆ. ಗಾಣದ ಎತ್ತು ಸುತ್ತುವುದನ್ನು ದೂರದ ಗದ್ದೆಯಲ್ಲಿ ಕೂತು ನೋಡಿದರೆ ಅದು ಎಡಕ್ಕೆ ಬಲಕ್ಕೆ ಓಡಾಡಿದಂತೆ ಕಾಣುತ್ತದಲ್ಲ, ಹಾಗೆ. ತುದಿಯಲ್ಲಿ ನಿಧಾನ, ನಡುವೆ ಜೋರು. ಗುರುವಿನ ಮುಂದೆ ಹಾಯುವಾಗ ಪೂರ್ವದಿಂದ ಪಶ್ಚಿಮಕ್ಕೆ, ಹಿಂದೆ ಹಾಯುವಾಗ ಪಶ್ಚಿಮದಿಂದ ಪೂರ್ವಕ್ಕೆ.

ನಾಲ್ಕರ ಸ್ವಭಾವ ಒಂದೊಂದು. ಅಯೋ ಗುರುವಿಗೆ ಅಂಟಿಕೊಂಡೇ ಇರುತ್ತದೆ. ಗುರುವಿನ ಅಗಲದ ಮೂರು ಪಟ್ಟಿಗಿಂತ ಆಚೆ ಹೋಗುವುದಿಲ್ಲ. ಒಂದು ಸುತ್ತಿಗೆ ನಲವತ್ತೆರಡೂವರೆ ಗಂಟೆ. ಒಂಬತ್ತಕ್ಕೊಮ್ಮೆ, ಹನ್ನೆರಡಕ್ಕೊಮ್ಮೆ ನೋಡಿದರೂ ಜಾಗ ಬದಲಾಗಿರುವುದು ತಿಳಿಯುತ್ತದೆ. ಯುರೋಪಾಗೆ ಮೂರೂವರೆ ದಿನ, ಗ್ಯಾನಿಮೀಡ್‌ಗೆ ಏಳು ದಿನ ಮೂರೂಮುಕ್ಕಾಲು ಗಂಟೆ. ಅಯೋ ನಾಲ್ಕು ಸುತ್ತು ಹಾಕುವಷ್ಟರಲ್ಲಿ ಯುರೋಪಾ ಎರಡು, ಗ್ಯಾನಿಮೀಡ್ ಒಂದು. ಈ ಮೂರರ ಲೆಕ್ಕ ಹೀಗೆ ಒಂದಕ್ಕೊಂದು ಕಟ್ಟುಬಿದ್ದಿದೆ.

ಗ್ಯಾನಿಮೀಡ್ ನಾಲ್ಕರಲ್ಲಿ ಪ್ರಕಾಶವಾದದ್ದು. ಅದು ಬುಧಗ್ರಹಕ್ಕಿಂತಲೂ ದೊಡ್ಡದು. ಏಳು ದಿನದ ಲೆಕ್ಕದಿಂದಾಗಿ ಈ ಭಾನುವಾರ ಎಲ್ಲಿತ್ತೋ ಮುಂದಿನ ಭಾನುವಾರ ಅದೇ ಹೊತ್ತಿಗೆ ಹೆಚ್ಚುಕಡಿಮೆ ಅಲ್ಲೇ ಇರುತ್ತದೆ. ನಮ್ಮ ಕಡೆಯವರಿಗೆ ಗ್ಯಾನಿಮೀಡ್ ಜೊತೆ ಇನ್ನೊಂದು ನಂಟೂ ಇದೆ. 1972ರಲ್ಲಿ ಅದು ಒಂದು ನಕ್ಷತ್ರವನ್ನು ಮರೆಮಾಡಿದಾಗ, ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಸ್ಟ್ರೋಫಿಸಿಕ್ಸ್‌ನವರು ತಮಿಳುನಾಡಿನ ಕಾವಲೂರಿನ ಒಂದು ಮೀಟರ್ ದೂರದರ್ಶಕದಿಂದ ಅದನ್ನು ಗಮನಿಸಿದರು. ಗ್ಯಾನಿಮೀಡ್‌ಗೆ ತೆಳುವಾದ ವಾತಾವರಣ ಇರುವ ಸುಳಿವು ಆಗ ಸಿಕ್ಕಿತು. ಅದು ಅಂದುಕೊಂಡದ್ದಕ್ಕಿಂತ ತುಂಬಾ ತೆಳು ಅಂತ ಆಮೇಲೆ ತಿಳಿಯಿತು.

ನಮ್ಮ ತಕ್ಕಡಿಗೆ ಬೇಕಾಗಿರುವುದು ನಾಲ್ಕನೆಯದು, ಕ್ಯಾಲಿಸ್ಟೊ. ನಾಲ್ಕರಲ್ಲಿ ಮಂಕಾದದ್ದು. ಆದರೆ ಎಲ್ಲಕ್ಕಿಂತ ದೂರ ಹೋಗುತ್ತದೆ, ಗುರುವಿನ ಅಗಲದ 13 ಪಟ್ಟು. ಗ್ಯಾನಿಮೀಡ್ ಏಳೂವರೆ ಪಟ್ಟಿನ ಆಚೆ ಹೋಗುವುದಿಲ್ಲ. ಹಾಗಾಗಿ ಬಹಳ ದೂರದಲ್ಲಿ ಒಂಟಿಯಾಗಿ ಮಂಕಾಗಿ ನಿಂತ ಚುಕ್ಕಿ ಕಂಡರೆ ಅದು ಕ್ಯಾಲಿಸ್ಟೊನೇ. ಹಿನ್ನೆಲೆಯ ನಕ್ಷತ್ರವೇನಾದರೂ ಆಗಿದ್ದರೆ ಅದು ಚಂದ್ರಗಳ ಸಾಲಿನಿಂದ ಪಕ್ಕಕ್ಕಿರುತ್ತದೆ, ಎರಡು ದಿನದಲ್ಲಿ ಗುರು ಅದನ್ನು ಬಿಟ್ಟು ಸರಿದಿರುತ್ತದೆ. ಅನುಮಾನ ಬಂದರೆ ಆಕಾಶದ ನಕ್ಷೆ ತೋರಿಸುವ ಸ್ಟೆಲೇರಿಯಂ ಆ್ಯಪ್‌ನಲ್ಲಿ ಗುರುವನ್ನು ಹಿಗ್ಗಿಸಿ ನೋಡಿ. ಹೆಸರು ತಿಳಿಯಲು ಆ್ಯಪ್ ಬಳಸುವುದರಲ್ಲಿ ತಪ್ಪಿಲ್ಲ. ಅಳತೆ ನಿಮ್ಮದಾಗಿದ್ದರೆ ಸಾಕು.

ದೂರವನ್ನು ಅಳೆಯುವುದು

ಇದು ಎಲ್ಲಕ್ಕಿಂತ ಸೂಕ್ಷ್ಮ ಕೆಲಸ. ಬೈನಾಕ್ಯುಲರ್ ನೋಟದಿಂದ ಅಂದಾಜು ಮಾಡಿದರೆ ಲೆಕ್ಕ ಕೆಡುತ್ತದೆ. ಗುರುವಿನ ಬೆಳಕು ಹರಡಿಕೊಂಡು ಅದರ ಅಗಲ ಇರುವುದಕ್ಕಿಂತ ಜಾಸ್ತಿ ಕಾಣುತ್ತದೆ. ಅದಕ್ಕೇ ಕ್ಯಾಮೆರಾ.

300 ಮಿಲಿಮೀಟರ್‌ವರೆಗೆ ಹೋಗುವ ಲೆನ್ಸ್ ಇದ್ದರೆ ಉತ್ತಮ, 200 ಇದ್ದರೂ ಆಗುತ್ತದೆ. ಟ್ರೈಪಾಡ್ ಮೇಲೆ ಕೂರಿಸಿ. ಜೂಮನ್ನು ಕೊನೆಯವರೆಗೆ ಎಳೆಯಿರಿ. ಫೋಕಸ್ ಮ್ಯಾನ್ಯುವಲ್. ಐಎಸ್‌ಒ 800, ಅರ್ಧ ಸೆಕೆಂಡ್ ಎಕ್ಸ್‌ಪೋಷರ್‌ನಿಂದ ಶುರು ಮಾಡಿ. ಬಟನ್ ಒತ್ತಿದಾಗ ಅಲ್ಲಾಡದಿರಲು ಎರಡು ಸೆಕೆಂಡಿನ ಟೈಮರ್ ಹಾಕಿ. ಗುರು ಬರೀ ಬಿಳಿ ಉಂಡೆಯಾಗಿ ಬರುತ್ತದೆ, ಬರಲಿ. ಅದರ ನಡುಮಧ್ಯ ಗೊತ್ತಾದರೆ ಸಾಕು. ಪಕ್ಕದಲ್ಲಿ ಚಂದ್ರಗಳು ಚುಕ್ಕಿಗಳಾಗಿ ಬಂದಿರಬೇಕು. ಎಕ್ಸ್‌ಪೋಷರ್ ತುಂಬಾ ಉದ್ದವಾದರೆ ಆಕಾಶ ತಿರುಗುವುದರಿಂದ ಚುಕ್ಕಿಗಳು ಗೀಟಾಗುತ್ತವೆ.

ಫೋಟೊದಲ್ಲಿ ಕ್ಯಾಲಿಸ್ಟೊ ಗುರುವಿನಿಂದ ಇಷ್ಟು ಪಿಕ್ಸೆಲ್ ದೂರ ಅಂತ ಎಣಿಸಬಹುದು. ಆದರೆ ಆಕಾಶದಲ್ಲಿ ಒಂದು ಪಿಕ್ಸೆಲ್ ಅಂದರೆ ಎಷ್ಟು? ಇದಕ್ಕೆ ನಮ್ಮ ಚಂದ್ರನನ್ನೇ ಅಳತೆಕೋಲು ಮಾಡಿಕೊಳ್ಳಿ. ಅದೇ ಕ್ಯಾಮೆರಾ, ಅದೇ ಲೆನ್ಸ್, ಅದೇ ಜೂಮ್‌ನಲ್ಲಿ ಚಂದ್ರನ ಒಂದು ಫೋಟೊ ತೆಗೆಯಿರಿ. ಐಎಸ್‌ಒ 100ಕ್ಕೆ ಇಳಿಸಿ, ಸೆಕೆಂಡಿನ 125ನೇ ಒಂದು ಭಾಗ. ಹುಣ್ಣಿಮೆಗೆ ಕಾಯಬೇಕಾಗಿಲ್ಲ. ಬಿದಿಗೆ ತದಿಗೆಯ ಚಂದ್ರನಲ್ಲೂ ಒಂದು ಕೊಂಬಿನ ತುದಿಯಿಂದ ಇನ್ನೊಂದು ಕೊಂಬಿನ ತುದಿಗೆ ಇರುವುದೇ ಪೂರ್ತಿ ವ್ಯಾಸ. ಬೆಳಕು ಕಡಿಮೆ ಅನ್ನಿಸಿದರೆ ಎಕ್ಸ್‌ಪೋಷರ್ ಸ್ವಲ್ಪ ಹೆಚ್ಚಿಸಿ.

ಆಕಾಶದಲ್ಲಿ ಚಂದ್ರನ ಅಗಲ ಸುಮಾರು ಅರ್ಧ ಡಿಗ್ರಿ. ಒಂದು ಡಿಗ್ರಿಗೆ 60 ಆರ್ಕ್ ಮಿನಿಟ್. ಚಂದ್ರ ಭೂಮಿಗೆ ಹತ್ತಿರ ಬಂದಾಗ 33.5, ದೂರ ಇದ್ದಾಗ 29.4 ಆರ್ಕ್ ಮಿನಿಟ್ ಇರುತ್ತದೆ. ನೀವು ಫೋಟೊ ತೆಗೆದ ರಾತ್ರಿ ಎಷ್ಟಿತ್ತು ಅಂತ ಸ್ಟೆಲೇರಿಯಂನಲ್ಲಿ ಚಂದ್ರನನ್ನು ಒತ್ತಿದರೆ ಸಿಗುತ್ತದೆ. ಇದನ್ನು ಬಿಟ್ಟು ಸುಮ್ನೆ ಅರ್ಧ ಡಿಗ್ರಿ ಅಂತ ಹಿಡಿದರೆ ಕೊನೆಯ ಉತ್ತರ ಕಾಲುಭಾಗದಷ್ಟು ತಪ್ಪಬಹುದು. ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.

ಉದಾಹರಣೆಗೆ ಆ ರಾತ್ರಿ ಚಂದ್ರ 31 ಆರ್ಕ್ ಮಿನಿಟ್, ನಿಮ್ಮ ಫೋಟೊದಲ್ಲಿ ಅದರ ಅಗಲ 620 ಪಿಕ್ಸೆಲ್ ಅಂತಿಟ್ಟುಕೊಳ್ಳಿ. ಒಂದು ಪಿಕ್ಸೆಲ್‌ಗೆ 0.05 ಆರ್ಕ್ ಮಿನಿಟ್ ಆಯಿತು. ಕ್ಯಾಲಿಸ್ಟೊ ಅತಿ ದೂರ ಹೋದ ರಾತ್ರಿಯ ಫೋಟೊದಲ್ಲಿ ಅದು ಗುರುವಿನ ಮಧ್ಯದಿಂದ 198 ಪಿಕ್ಸೆಲ್ ಇದ್ದರೆ, 198 × 0.05 = 9.9 ಆರ್ಕ್ ಮಿನಿಟ್. ಪಿಕ್ಸೆಲ್ ಎಣಿಸುವ ರಗಳೆ ಬೇಡ ಅನ್ನುವವರು ಎರಡೂ ಫೋಟೊವನ್ನು ಕಂಪ್ಯೂಟರ್ ಪರದೆ ಮೇಲೆ ಒಂದೇ ಪ್ರಮಾಣದಲ್ಲಿ ಹಿಗ್ಗಿಸಿ ಸ್ಕೇಲ್ ಇಟ್ಟು ಅಳೆದರೂ ಆದೀತು. ಫೋಟೊ ಕ್ರಾಪ್ ಮಾಡಬೇಡಿ, ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿಕೊಂಡು ಅಳೆಯಬೇಡಿ. ಅದು ಚಿತ್ರವನ್ನು ಕುಗ್ಗಿಸಿಬಿಡುತ್ತದೆ.

ಪೂರ್ವದ ತುದಿಯಲ್ಲಿದ್ದಾಗ ಒಂದು, ಎಂಟು ದಿನ ಬಿಟ್ಟು ಪಶ್ಚಿಮದ ತುದಿಯಲ್ಲಿದ್ದಾಗ ಒಂದು ಅಳತೆ ತೆಗೆದು ಸರಾಸರಿ ಮಾಡಿ. ತುದಿಯಲ್ಲಿ ಕ್ಯಾಲಿಸ್ಟೊ ನಿಧಾನವಾಗುವುದರಿಂದ ಒಂದು ದಿನ ಆಚೀಚೆ ಆದರೂ ದೊಡ್ಡ ನಷ್ಟವಿಲ್ಲ.

ಇನ್ನು ಕೋನವನ್ನು ಕಿಲೋಮೀಟರ್ ಮಾಡಬೇಕು. ಅದಕ್ಕೆ ಗುರು ನಮ್ಮಿಂದ ಎಷ್ಟು ದೂರ ಅಂತ ಬೇಕು. ಆ್ಯಪ್‌ನಲ್ಲಿ ಸಿಗುತ್ತದೆ. ಆದರೆ ಇದನ್ನೂ ನಾವೇ ಲೆಕ್ಕ ಹಾಕಬಹುದು, ಅದೂ ನಮ್ಮ ಪುಷ್ಕರದಿಂದ! 2017ರಲ್ಲಿ ಕಾವೇರಿ ಪುಷ್ಕರ, 2020ರಲ್ಲಿ ತುಂಗಭದ್ರಾ ಪುಷ್ಕರ ಆಯಿತಲ್ಲ. ಗುರು ಒಂದೊಂದು ರಾಶಿಗೆ ಬಂದಾಗ ಒಂದೊಂದು ನದಿಗೆ ಪುಷ್ಕರ, ಅದೇ ನದಿಗೆ ಮತ್ತೆ ಬರುವುದು 12 ವರ್ಷಕ್ಕೆ. ಅಂದರೆ ಗುರು ಸೂರ್ಯನನ್ನು ಒಂದು ಸುತ್ತು ಹಾಕಲು ಸುಮಾರು 12 ವರ್ಷ ಬೇಕು. ಕರಾರುವಾಕ್ಕಾಗಿ 11.86. ಕೆಪ್ಲರ್ 1619ರಲ್ಲಿ ಹೇಳಿದ ನಿಯಮದ ಪ್ರಕಾರ ವರ್ಷದ ವರ್ಗ ಮಾಡಿ ಘನಮೂಲ ತೆಗೆದರೆ ಸೂರ್ಯನಿಂದ ದೂರ ಸಿಗುತ್ತದೆ. 12ರ ವರ್ಗ 144, ಅದರ ಘನಮೂಲ 5.24. ಭೂಮಿ ಸೂರ್ಯನಿಂದ 1 ಇದ್ದರೆ ಗುರು 5.24. ನಿಜವಾದ ಸರಾಸರಿ 5.2. ಭೂಮಿ ನಡುವೆ ಬಂದಾಗ ಗುರು ನಮ್ಮಿಂದ 4.2 ಪಾಲು ದೂರ. ಒಂದು ಪಾಲು ಅಂದರೆ 14.96 ಕೋಟಿ ಕಿಲೋಮೀಟರ್. ಹೀಗೆ ಸುಮಾರು 63 ಕೋಟಿ ಕಿಲೋಮೀಟರ್.

ಗುರುವಿನ ದಾರಿ ಪೂರ್ತಿ ದುಂಡಗಿಲ್ಲ. 2027ರ ಫೆಬ್ರವರಿಯಲ್ಲಿ ಅದು ಸರಾಸರಿಗಿಂತ ಸ್ವಲ್ಪ ದೂರದಲ್ಲಿರುತ್ತದೆ, ನಮ್ಮಿಂದ ಸುಮಾರು 65.3 ಕೋಟಿ ಕಿಲೋಮೀಟರ್. ಲೆಕ್ಕಕ್ಕೆ ಆ್ಯಪ್ ತೋರಿಸುವ ದೂರವನ್ನೇ ಬಳಸಿ. ಪುಷ್ಕರದ ದಾರಿ ನಮ್ಮ ಖುಷಿಗೆ.

ಆರ್ಕ್ ಮಿನಿಟನ್ನು 3438ರಿಂದ (ಕೋನವನ್ನು ದೂರಕ್ಕೆ ಬದಲಿಸಲು ಬಳಸುವ ಸ್ಥಿರ ಸಂಖ್ಯೆ ಇದು) ಭಾಗಿಸಿ, ಗುರುವಿನ ದೂರದಿಂದ ಗುಣಿಸಿ. 9.9 ÷ 3438 × 65.3 ಕೋಟಿ. ಉತ್ತರ 18.8 ಲಕ್ಷ ಕಿಲೋಮೀಟರ್. ಕ್ಯಾಲಿಸ್ಟೊ ಗುರುವಿನಿಂದ ಇರುವ ದೂರ ಇದು.

ಒಂದು ಸುತ್ತಿಗೆ ಎಷ್ಟು ದಿನ?

ಗ್ರಾಫ್ ಶೀಟಿನ ಮೇಲೆ ಅಡ್ಡಕ್ಕೆ ದಿನಾಂಕ, ನೆಟ್ಟಗೆ ಕ್ಯಾಲಿಸ್ಟೊ ದೂರ. ಪೂರ್ವಕ್ಕಿದ್ದರೆ ಮೇಲೆ, ಪಶ್ಚಿಮಕ್ಕಿದ್ದರೆ ಕೆಳಗೆ. ಚುಕ್ಕಿಗಳನ್ನು ಕೈಯಿಂದಲೇ ನಯವಾಗಿ ಸೇರಿಸಿ. ಅಲೆಯೊಂದು ಮೂಡುತ್ತದೆ. ನಡುವೆ ಎರಡು ಮೂರು ದಿನ ಮೋಡ ಬಂದಿದ್ದರೂ ಅಲೆ ತಪ್ಪುವುದಿಲ್ಲ.

ಎಲ್ಲರೂ ಅಲೆಯ ಒಂದು ತುದಿಯಿಂದ ಇನ್ನೊಂದು ತುದಿಗೆ ದಿನ ಎಣಿಸಲು ಹೋಗುತ್ತಾರೆ. ಬೇಡ. ತುದಿಯಲ್ಲಿ ಕ್ಯಾಲಿಸ್ಟೊ ಎರಡು ದಿನ ನಿಂತಲ್ಲೇ ನಿಂತಂತಿರುತ್ತದೆ, ಅತಿ ದೂರ ಹೋದದ್ದು ಯಾವ ದಿನ ಅಂತ ಹೇಳುವುದು ಕಷ್ಟ. ಅದರ ಬದಲು ಅಲೆ ಸೊನ್ನೆಯ ಗೆರೆ ದಾಟುವ ಕ್ಷಣ ಹಿಡಿಯಿರಿ. ಅಲ್ಲಿ ಅದರ ಓಟ ಜೋರು, ದಿನಕ್ಕೆ ಗುರುವಿನ ಅಗಲದ ಐದು ಪಟ್ಟು ಸರಿಯುತ್ತದೆ. ನಿನ್ನೆ ಪೂರ್ವದಲ್ಲಿತ್ತು, ಇವತ್ತು ಪಶ್ಚಿಮದಲ್ಲಿದೆ ಅಂದರೆ ದಾಟಿದ ಹೊತ್ತನ್ನು ಗ್ರಾಫ್‌ನಿಂದ ಕೆಲವು ಗಂಟೆಗಳ ಅಂತರದಲ್ಲಿ ಹೇಳಬಹುದು.

ಒಂದೇ ಸುತ್ತು ಎಣಿಸಿ ನಿಲ್ಲಿಸಬೇಡಿ. ಪೂರ್ವದಿಂದ ಪಶ್ಚಿಮಕ್ಕೆ ಮೊದಲ ಸಲ ದಾಟಿದ್ದು ಜನವರಿ 20, ನಾಲ್ಕನೇ ಸಲ ದಾಟಿದ್ದು ಮಾರ್ಚ್ 11 ಅಂತಿಟ್ಟುಕೊಳ್ಳಿ. ಈ ದಿನಾಂಕಗಳು ಉದಾಹರಣೆಗಷ್ಟೇ. ನಡುವೆ 50 ದಿನ, ಮೂರು ಸುತ್ತು. 50 ÷ 3 = 16.7 ದಿನ. ದಾಟಿದ ಹೊತ್ತಿನಲ್ಲಿ ಅರ್ಧ ದಿನ ತಪ್ಪಿದ್ದರೂ ಅದು ಮೂರು ಸುತ್ತಿಗೆ ಹಂಚಿಹೋಗುತ್ತದೆ.

ಈಗ ತೂಗಿ

ನಮ್ಮ ಚಂದ್ರನ ಪಕ್ಕ ಕ್ಯಾಲಿಸ್ಟೊ ಇಟ್ಟು ನೋಡಿ. ಚಂದ್ರ ನಮ್ಮಿಂದ 3.844 ಲಕ್ಷ ಕಿಲೋಮೀಟರ್ ದೂರದಲ್ಲಿ 27.3 ದಿನಕ್ಕೊಮ್ಮೆ ಸುತ್ತುತ್ತದೆ. ಕ್ಯಾಲಿಸ್ಟೊ ಅದರ ಐದು ಪಟ್ಟು ದೂರದಲ್ಲಿದೆ. ಸುತ್ತುವ ದಾರಿಯೂ ಐದು ಪಟ್ಟು ಉದ್ದ. ಆದರೂ 16.7 ದಿನಕ್ಕೇ ಮುಗಿಸಿಬಿಡುತ್ತದೆ. ಚಂದ್ರ ಸೆಕೆಂಡಿಗೆ ಒಂದು ಕಿಲೋಮೀಟರ್ ಓಡಿದರೆ ಕ್ಯಾಲಿಸ್ಟೊ ಎಂಟು ಓಡುತ್ತದೆ. ಅಷ್ಟು ವೇಗವಾಗಿ ಓಡುವುದನ್ನು ತಪ್ಪಿಸಿಕೊಂಡು ಹೋಗಲು ಬಿಡದೆ ಹಿಡಿದಿಟ್ಟುಕೊಳ್ಳಬೇಕಾದರೆ ನಡುವೆ ಕೂತಿರುವುದು ಭೂಮಿಗಿಂತ ಎಷ್ಟೋ ಭಾರ ಇರಲೇಬೇಕು. ಎಷ್ಟು ಭಾರ ಅನ್ನುವ ಲೆಕ್ಕವನ್ನು ನ್ಯೂಟನ್ ಕೊಟ್ಟ. ದೂರದ ಅನುಪಾತವನ್ನು ಘನ ಮಾಡಿ, ದಿನದ ಅನುಪಾತವನ್ನು ವರ್ಗ ಮಾಡಿ, ಎರಡನ್ನೂ ಗುಣಿಸಿ.

ದೂರ: 18.8 ÷ 3.844 = 4.89. ಇದರ ಘನ 116.9.

ದಿನ: 27.3 ÷ 16.7 = 1.635. ಇದರ ವರ್ಗ 2.67.

ಗುಣಿಸಿದರೆ ಸುಮಾರು 312.

ಗುರು ಭೂಮಿಗಿಂತ 312 ಪಟ್ಟು ಭಾರ. ಪುಸ್ತಕದ 318ಕ್ಕೆ ನೂರಕ್ಕೆ ಎರಡರಷ್ಟು ಕಮ್ಮಿ. ಆ ಕೊರತೆಯಲ್ಲೂ ದೊಡ್ಡ ಪಾಲು ನಿಮ್ಮ ಕೈತಪ್ಪಲ್ಲ. ನಮ್ಮ ಚಂದ್ರನೇನೂ ಹಗುರಲ್ಲ, ಭೂಮಿಯ 81ನೇ ಒಂದು ಪಾಲು ಭಾರ ಇದೆ. ಹಾಗಾಗಿ ಈ ಲೆಕ್ಕದಲ್ಲಿ ನೀವು ಗುರುವನ್ನು ಹೋಲಿಸಿದ್ದು ಬರೀ ಭೂಮಿಗಲ್ಲ, ಭೂಮಿ ಮತ್ತು ಚಂದ್ರ ಸೇರಿದ ತೂಕಕ್ಕೆ. ಅದನ್ನು ಸರಿಪಡಿಸಿದರೆ 316 ಬರುತ್ತದೆ.

ನಿಮ್ಮ ಉತ್ತರ 250 ಬಂತೋ, 400 ಬಂತೋ, ಮೊದಲು ಅನುಮಾನ ಪಡಬೇಕಾದದ್ದು ದೂರದ ಅಳತೆಯನ್ನು. ಅದು ಘನ ಆಗುತ್ತದೆ. ದೂರದಲ್ಲಿ ನೂರಕ್ಕೆ ಐದು ತಪ್ಪಾದರೆ ತೂಕದಲ್ಲಿ ನೂರಕ್ಕೆ ಹದಿನಾರು ತಪ್ಪಾಗುತ್ತದೆ. ಚಂದ್ರನ ಫೋಟೊ ಮತ್ತು ಗುರುವಿನ ಫೋಟೊ ಒಂದೇ ಜೂಮ್‌ನಲ್ಲಿ ತೆಗೆದದ್ದೇ ಹೌದಾ ನೋಡಿ. ಹತ್ತಕ್ಕೆ ಒಂಬತ್ತು ಸಲ ತಪ್ಪು ಇಲ್ಲೇ ಇರುತ್ತದೆ. ಆಮೇಲೆ ಕ್ಯಾಲಿಸ್ಟೊ ಅಂದುಕೊಂಡು ಗ್ಯಾನಿಮೀಡನ್ನು ಅಳೆದಿದ್ದೀರಾ ಅಂತ ನೋಡಿ.

ಗ್ಯಾನಿಮೀಡ್‌ನಿಂದಲೂ ಒಮ್ಮೆ ತೂಗಿ. ಅದರ ದೂರ 10.7 ಲಕ್ಷ ಕಿಲೋಮೀಟರ್, 7.15 ದಿನ. ಕ್ಯಾಲಿಸ್ಟೊ ಹೇಳಿದ ಉತ್ತರವನ್ನೇ ಇದೂ ಹೇಳುತ್ತದೆ. ಬೇರೆ ಬೇರೆ ದೂರದಲ್ಲಿ, ಬೇರೆ ಬೇರೆ ವೇಗದಲ್ಲಿ ಓಡುವ ಎರಡು ಚಂದ್ರಗಳು ಒಂದೇ ತೂಕ ಹೇಳಿದಾಗ ಆಗುವ ಖುಷಿ 318 ಅಂತ ಬಾಯಿಪಾಠ ಮಾಡಿದರೆ ಬರುವುದಿಲ್ಲ.

ಇದೇ ತಕ್ಕಡಿಗೆ ಸೂರ್ಯನನ್ನೂ ಹಾಕಬಹುದು, ಅದಕ್ಕೆ ತಾರಸಿಗೂ ಹೋಗಬೇಕಾಗಿಲ್ಲ. ಕ್ಯಾಲಿಸ್ಟೊ ಜಾಗದಲ್ಲಿ ಭೂಮಿ, ಗುರುವಿನ ಜಾಗದಲ್ಲಿ ಸೂರ್ಯ. ದೂರ 14.96 ಕೋಟಿ ಕಿಲೋಮೀಟರ್, ಸುತ್ತಿಗೆ 365.25 ದಿನ. ಲೆಕ್ಕ ಹಾಕಿ, ಸೂರ್ಯ ಭೂಮಿಯ 3.3 ಲಕ್ಷ ಪಟ್ಟು ಭಾರ ಅಂತ ಬರುತ್ತದೆ.

ಚಟ ಹತ್ತಿದವರಿಗೆ

60 ಅಥವಾ 80 ಮಿಲಿಮೀಟರ್‌ನ ಒಂದು ಒಳ್ಳೆಯ ದೂರದರ್ಶಕ ಸಿಕ್ಕರೆ ಅಯೋ ಮೇಲೆ ಕಣ್ಣಿಡಿ. ಅದು ಪ್ರತಿ ಸುತ್ತಿನಲ್ಲೂ ಗುರುವಿನ ನೆರಳಿಗೆ ಹೋಗಿ ಮಾಯವಾಗುತ್ತದೆ. ಭೂಮಿ ಗುರುವನ್ನು ದಾಟುವುದಕ್ಕೆ ಮುಂಚಿನ ತಿಂಗಳುಗಳಲ್ಲಿ ಅದು ಪಶ್ಚಿಮದ ಬದಿ ನೆರಳಿಗೆ ಇಳಿಯುವುದು ಕಾಣುತ್ತದೆ. ದಾಟಿದ ಮೇಲೆ ಪೂರ್ವದ ಬದಿ ನೆರಳಿನಿಂದ ಹೊರಬರುವುದು ಕಾಣುತ್ತದೆ. ಏನೂ ಇಲ್ಲದ ಜಾಗದಲ್ಲಿ ಚುಕ್ಕಿಯೊಂದು ನಿಧಾನವಾಗಿ ಹೊತ್ತಿಕೊಳ್ಳುತ್ತದೆ. ಮೊಬೈಲ್ ಗಡಿಯಾರದಲ್ಲಿ ನಿಮಿಷ ಬರೆದಿಟ್ಟುಕೊಳ್ಳಿ.

ಪ್ಯಾರಿಸ್‌ನಲ್ಲಿ ಖಗೋಳಶಾಸ್ತ್ರಜ್ಞ ಓಲೆ ರೋಮರ್ ಹಿಡಿದದ್ದು ಇದನ್ನೇ. ಭೂಮಿ ಗುರುವಿನಿಂದ ದೂರ ಹೋಗುತ್ತಿರುವಾಗ ಅಯೋ ಗ್ರಹಣಗಳು ಲೆಕ್ಕಕ್ಕಿಂತ ತಡವಾಗುತ್ತವೆ ಅಂತ ಅವನು ಕಂಡ. 1676ರ ನವೆಂಬರ್ 9ರ ಗ್ರಹಣ 10 ನಿಮಿಷ ತಡವಾಗುತ್ತದೆ ಅಂತ ಮೊದಲೇ ಹೇಳಿದ, ಹಾಗೇ ಆಯಿತು. ಬೆಳಕು ಬಂದು ತಲುಪಲು ಸಮಯ ಬೇಕು, ಅದಕ್ಕೂ ವೇಗ ಅಂತ ಒಂದಿದೆ ಅನ್ನುವುದಕ್ಕೆ ಸಿಕ್ಕ ಮೊದಲ ಪುರಾವೆ ಅದು. ಭೂಮಿಯ ದಾರಿಯ ಪೂರ್ತಿ ಅಗಲ ದಾಟಲು ಬೆಳಕಿಗೆ 22 ನಿಮಿಷ ಬೇಕು ಅಂತ ಅವನ ಅಂದಾಜು. ನಿಜವಾಗಿ ಹದಿನಾರೂವರೆ ನಿಮಿಷದ ಸುಮಾರು. ನೀವೂ ಮಾರ್ಚ್‌ನಲ್ಲೊಂದು, ಮೇನಲ್ಲೊಂದು ಗ್ರಹಣದ ಹೊತ್ತು ಬರೆದು, ನಡುವಿನ ಸುತ್ತುಗಳನ್ನು 42 ಗಂಟೆ 28 ನಿಮಿಷ 36 ಸೆಕೆಂಡಿನಂತೆ ಎಣಿಸಿ ಹೋಲಿಸಿದರೆ ಕೆಲವು ನಿಮಿಷದ ವ್ಯತ್ಯಾಸ ಕಾಣುತ್ತದೆ. ಗುರು ಒಂದೇ ವೇಗದಲ್ಲಿ ಓಡದಿರುವುದೂ ಅದರಲ್ಲಿ ಬೆರೆತಿರುತ್ತದೆ, ಹಾಗಾಗಿ ಬೆಳಕಿನ ವೇಗ ಸರಿಯಾಗಿ ಬರಲಿಲ್ಲ ಅಂತ ಬೇಜಾರಾಗಬೇಡಿ. ಇದಕ್ಕೆ ಆ್ಯಪ್ ತೋರಿಸುವ ಗ್ರಹಣದ ಸಮಯವನ್ನು ಮಾತ್ರ ಬಳಸಬೇಡಿ. ಬೆಳಕಿನ ತಡವನ್ನು ಸೇರಿಸಿಯೇ ಅದು ಲೆಕ್ಕ ಹಾಕಿರುತ್ತದೆ.

ದೂರದರ್ಶಕ ಹೇಗೂ ಬಂತು ಅನ್ನುವುದಾದರೆ ಶನಿಯೂ ಕಾಯುತ್ತಿದೆ. ಅದರ ದೊಡ್ಡ ಚಂದ್ರ ಟೈಟಾನ್ ಅಂಥ ಸಣ್ಣ ದೂರದರ್ಶಕದಲ್ಲೂ ಕಾಣುತ್ತದೆ. 12.2 ಲಕ್ಷ ಕಿಲೋಮೀಟರ್ ದೂರ, ಒಂದು ಸುತ್ತಿಗೆ 16 ದಿನಕ್ಕೆ ಸ್ವಲ್ಪ ಕಮ್ಮಿ. ವಿಧಾನ ಇದೇ. ಉತ್ತರ 95ರ ಹತ್ತಿರ ಬರಬೇಕು.